ಕಾರಿನ ಬಾಗಿಲಿಗೂ ಒಂದು ತಟ್ಟಿ ಬೇಕು



ಈ ಸಲದ ಮಾತು ಅಡಿಗೆಮನೆಯದಲ್ಲ, ಮನೆ ಮುಂದೆ ನಿಲ್ಲುವ ಕಾರಿನದು. ಅದೆಲ್ಲ ಗಂಡಸರ ವಿಷಯ ಅಂತ ಪುಟ ತಿರುವಬೇಡಿ. ಕಾರಿನೊಳಗೆ ನೀರು ಒರೆಸಿದವಳೂ ನಾನೇ, ಮುಗ್ಗಲು ವಾಸನೆಗೆ ಮೂಗು ಮುಚ್ಚಿಕೊಂಡವಳೂ ನಾನೇ.

ಹೋದ ಮಳೆಗಾಲದಲ್ಲಿ ನಮ್ಮ ಹಳೇ ಕಾರಿನ ಹಿಂದಿನ ಎಡಬಾಗಿಲ ಹತ್ತಿರ ಮ್ಯಾಟು ದಿನಾ ತೊಯ್ದಿರುತ್ತಿತ್ತು. ಅಲ್ಲಿ ಕೂರುವವನು ಚಿಕ್ಕ ಮಗ. "ಬಾಟ್ಲಿ ಮುಚ್ಚಳ ಸರಿಯಾಗಿ ಹಾಕೋಕೆ ಬರಲ್ವೇನೋ?" ಅಂತ ಎಷ್ಟು ಸಲ ಗದರಿದೆನೋ! "ನಾನಲ್ಲಮ್ಮಾ" ಅಂದರೂ ನಂಬಲಿಲ್ಲ. ಅವನು ಅಜ್ಜಿಮನೆಗೆ ಹೋಗಿದ್ದ ವಾರವೂ ಮ್ಯಾಟು ತೊಯ್ದಾಗಲೇ ನನಗೆ ಬುದ್ಧಿ ಬಂದದ್ದು.

ನಮ್ಮ ಬೀದಿಯ ಮೆಕ್ಯಾನಿಕ್ ಬಂದು ಬಾಗಿಲಿನ ಒಳಗಡೆಯ ಹೊದಿಕೆ, ಅವರು ಡೋರ್ ಪ್ಯಾಡ್ ಅನ್ನುತ್ತಾರಲ್ಲ, ಅದನ್ನು ಬಿಚ್ಚಿ ತೋರಿಸಿದರು. ಗಾಜಿನ ಪಕ್ಕದ ರಬ್ಬರು ಎಷ್ಟೇ ಹೊಸದಿರಲಿ, ಸ್ವಲ್ಪ ಮಳೆನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿದೇ ಇಳಿಯುತ್ತದಂತೆ. ಅದು ಹೊರಗೆ ಹೋಗಲೆಂದೇ ಬಾಗಿಲಿನ ತಳದಂಚಿನಲ್ಲಿ ಸಣ್ಣ ತೂತುಗಳಿವೆ. ಆ ನೀರು ಒಳಗೆ ನಮ್ಮ ಕಡೆ ಬಾರದಂತೆ ಡೋರ್ ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಮಳೆ ಎರಚಲಿಗೆ ಮಣ್ಣುಗೋಡೆ ಕರಗದ ಹಾಗೆ ನಮ್ಮ ಮಲೆನಾಡಲ್ಲಿ ಸೋಗೆ ತಟ್ಟಿ ಕಟ್ಟುತ್ತೇವಲ್ಲ, ಹಾಗೇ.

ಬೇಸಿಗೆಯಲ್ಲಿ ಗಾಜು ಏರದೆ ರಿಪೇರಿಗೆ ಬಿಟ್ಟಿದ್ದೆವು. ಅಲ್ಲಿ ಈ ಹಾಳೆಯನ್ನು ಹರಿದು, ಮತ್ತೆ ಅಂಟಿಸದೆ ಪ್ಯಾಡು ಮುಚ್ಚಿ ಕಳಿಸಿದ್ದರು! ಹೀಗೇ ಬಿಟ್ಟರೆ ಪ್ಯಾಡಿನ ಹಲಗೆ ಉಬ್ಬುತ್ತದೆ, ಕಾರ್ಪೆಟ್ಟಿನಡಿ ಬೂಷ್ಟು ಹಿಡಿದು ಕಡೆಗೆ ನೆಲದ ತಗಡೇ ತುಕ್ಕು ತಿನ್ನುತ್ತದೆ.

ಹೊಸ ಹಾಳೆ ಹಾಕಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ದಪ್ಪ ಪಾಲಿಥೀನ್ ಸಾಕು. ರವಿಕೆಗೆ ಅಳತೆ ಇಟ್ಟ ಹಾಗೆ ಹಳೇ ಹಾಳೆಯನ್ನೇ ಮೇಲಿಟ್ಟು ಕತ್ತರಿಸಬೇಕು. ವಯರು, ಹಿಡಿಕೆಗಳಿಗೆ ಬೇಕಾದಷ್ಟೇ ಸೀಳು. ಬಾಗಿಲ ಮೇಲಿನ ಹಳೇ ಅಂಟು, ಧೂಳು ತೆಗೆದು ಚೆನ್ನಾಗಿ ಒಣಗಿಸಿ, ಸುತ್ತಲೂ ಬ್ಯೂಟೈಲ್ ಟೇಪು ಒತ್ತಬೇಕು. ಇದು ಹಲಸಿನ ಮೇಣದಂತೆ ಅಂಟುವ ಕಪ್ಪು ಪಟ್ಟಿ. ಗಟ್ಟಿಯಾಗದ್ದರಿಂದ ಮುಂದೆ ಬಿಚ್ಚಲೂ ಸುಲಭ. ಮಾಮೂಲಿ ಟೇಪು ತೇವಕ್ಕೆ ಬಿಟ್ಟುಕೊಳ್ಳುತ್ತದೆ. ವಿನಿಗರ್ ವಾಸನೆಯ ಸಿಲಿಕೋನಂತೂ ಬೇಡವೇ ಬೇಡ, ಅದರಿಂದ ತಗಡಿಗೆ ತುಕ್ಕು.

ಮುಖ್ಯವಾದ ಮಾತು ಈಗ. ಹಾಳೆಯ ಕೆಳಗಿನ ಅಂಚನ್ನು ಸೀರೆ ನೆರಿಗೆ ಸಿಕ್ಕಿಸಿದ ಹಾಗೆ ಬಾಗಿಲಿನ ಹೊಟ್ಟೆಯೊಳಕ್ಕೇ ತೂರಿಸಬೇಕು. ಆಗ ಹಾಳೆಯ ಮೇಲೆ ಇಳಿದ ನೀರು ಒಳಗೇ ಬಿದ್ದು ತಳದ ತೂತಿನಿಂದ ಹೋಗುತ್ತದೆ. ತೂತಿನ ಕೆಸರನ್ನು ಕಡ್ಡಿಯಿಂದ ತೆಗೆಯಿರಿ, ನೀರು ಬರುತ್ತದೆಂದು ಅದನ್ನೇ ಮುಚ್ಚಿಬಿಡಬೇಡಿ! ಪ್ಯಾಡು ಕೂರಿಸುವ ಮೊದಲು ಗಾಜಿನ ಮೇಲೆ ಒಂದು ತಂಬಿಗೆ ನೀರು ಸುರಿದು ನೋಡಿ. ತಳದಿಂದ ತೊಟ್ಟಿಕ್ಕಬೇಕು, ಹಾಳೆಯ ಈಚೆ ಕಡೆ ಒಣಗಿರಬೇಕು.

ಕೆಲವು ಹೊಸ ಕಾರುಗಳ ಬಾಗಿಲಲ್ಲಿ ಏರ್‌ಬ್ಯಾಗಿಗೆ ಸಂಬಂಧಪಟ್ಟ ಭಾಗಗಳಿರುತ್ತವೆ. ಅಂಥವನ್ನು ಮನೆಯಲ್ಲಿ ಬಿಚ್ಚದೆ ತಿಳಿದವರಿಗೇ ಬಿಡಿ. ಆದರೆ ಗಾಜೋ ಸ್ಪೀಕರೋ ರಿಪೇರಿಗೆ ಕೊಟ್ಟಾಗ, "ಒಳಗಿನ ಹಾಳೆ ಮತ್ತೆ ಅಂಟಿಸಿದಿರಾ? ಪ್ಯಾಡು ಮುಚ್ಚೋ ಮೊದಲು ತೋರಿಸಿ" ಅಂತ ಕೇಳಲು ಸಂಕೋಚ ಬೇಡ.

ಈಗ ಎಂಥ ಮಳೆ ಬಂದರೂ ಮ್ಯಾಟು ಒಣಗಿರುತ್ತದೆ. ಮಗನಿಗೆ "ನನ್ನದೇ ತಪ್ಪು ಕಣೋ" ಅಂದೆ. "ಬಾಗಿಲಿಗೂ ಬೈದೆಯಾಮ್ಮಾ?" ಅಂತ ಕೇಳಿದ. ಏನು ಹೇಳಲಿ! ಅವತ್ತು ಅವನಿಗಿಷ್ಟವಾದ ಹಲಸಿನಕಾಯಿ ಹಪ್ಪಳ ಕರಿದು ಕೊಟ್ಟೆ.