ಬೀಗ ಹಾಕಿದ ಯಂತ್ರ

ಹಿಂದೆ ಸರಕಿನ ಟೆಂಪೊ ನಡುದಾರಿಯಲ್ಲಿ ನಿಂತರೆ ಊರಿನ ಮೆಕ್ಯಾನಿಕ್ಕನು ಬಂದು, ಡೀಸೆಲ್ ಪೈಪು ಬಿಚ್ಚಿ, ಏರ್ ತೆಗೆದು, ಗಾಡಿಯನ್ನು ಹೊರಡಿಸುತ್ತಿದ್ದನು. ಇಂದು ಅವನೇ ಡ್ಯಾಷ್‌ಬೋರ್ಡಿನ ಹಳದಿ ದೀಪವನ್ನು ನೋಡಿ ಕೈಚೆಲ್ಲಬೇಕಾಗಿದೆ. ರೋಗವೇನೆಂದು ಗಾಡಿಯೊಳಗಿನ ಕಂಪ್ಯೂಟರು ಹೇಳಬೇಕು; ಅದರ ಮಾತನ್ನು ಪೂರ್ತಿ ಬಿಡಿಸಿ ಹೇಳುವ ಸ್ಕ್ಯಾನರು ಬಹುಮಟ್ಟಿಗೆ ಕಂಪೆನಿಯ ವರ್ಕ್‌ಷಾಪಿನಲ್ಲಿದೆ.

ಹೊಸ ಯಂತ್ರಗಳಿಗೆ ನಾವು ವಿರೋಧಿಗಳಲ್ಲ. ಇಂಧನವನ್ನು ಅಳೆದು ಕೊಡುವುದರಲ್ಲಿಯೂ, ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ಗಾಡಿ ಜಾರದಂತೆ ತಡೆಯುವುದರಲ್ಲಿಯೂ ಎಲೆಕ್ಟ್ರಾನಿಕ್ಸ್ ಮಾಡಿರುವ ಉಪಕಾರ ದೊಡ್ಡದು. ಆದರೆ ಕಂಪ್ಯೂಟರಿಗೆ ತಪ್ಪಿಲ್ಲ, ಸವಕಳಿಯಿಲ್ಲ ಎಂಬ ಮಾತನ್ನು ಮಾತ್ರ ನಾವು ಒಪ್ಪಲಾರೆವು.

2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಸ್ಲಾ ಕಂಪೆನಿಯು ಸುಮಾರು 1,35,000 ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಕಾರಣ, ಪರದೆಯನ್ನು ನಡೆಸುವ ಕಂಪ್ಯೂಟರಿನ ಒಂದು ಪುಟ್ಟ ಮೆಮೊರಿ ಚಿಪ್. ಅದರಲ್ಲಿ ಇಂತಿಷ್ಟು ಸಲ ಮಾತ್ರ ಬರೆದು ಅಳಿಸಬಹುದು. ಸಾಫ್ಟ್‌ವೇರು ಅದರಲ್ಲಿ ಎಡೆಬಿಡದೆ ಬರೆಯುತ್ತಲೇ ಇತ್ತು. ಐದಾರು ವರ್ಷಗಳಲ್ಲಿ ಚಿಪ್ ಸವೆದು ಪರದೆ ಕೆಡತೊಡಗಿತು, ಜೊತೆಗೆ ಹಿಂಬದಿಯ ಕ್ಯಾಮೆರಾ ಕೂಡ. ಮಗ್ಗದ ಲಾಳಿ ಸವೆಯುವುದು ಕಾರ್ಮಿಕನ ಕಣ್ಣಿಗೆ ಕಾಣುತ್ತದೆ. ಈ ಸವಕಳಿ ಯಾರ ಕಣ್ಣಿಗೂ ಕಾಣುವುದಿಲ್ಲ.

ಸಾಫ್ಟ್‌ವೇರು ಕೆಡುವುದಷ್ಟೇ ಅಲ್ಲ, ಸುಳ್ಳು ಹೇಳುವಂತೆಯೂ ಅದನ್ನು ಬರೆಯಬಹುದು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಯ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಗಾಡಿಗಳಲ್ಲಿ ಅಂಥದೊಂದು ಸಾಫ್ಟ್‌ವೇರ್ ಇದ್ದುದು 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ, ಆಗ ಮಾತ್ರ ಅದು ಹೊಗೆಯನ್ನು ಮಿತಿಯಲ್ಲಿಡುತ್ತಿತ್ತು. ಇನ್‌ಸ್ಪೆಕ್ಟರು ಬಂದಾಗ ಮಾತ್ರ ಸರಿಯಾಗಿ ತೂಗುವ ತಕ್ಕಡಿಯೆಂದರೆ ಏನೆಂದು ನಮ್ಮ ವರ್ತಕ ಮಿತ್ರರಿಗೆ ಹೇಳಬೇಕಾಗಿಲ್ಲ! ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಕಾರನ್ನು ರಸ್ತೆಗಿಳಿಸಿ ಹೊಗೆಯನ್ನು ಅಳೆದದ್ದರಿಂದಲೇ ಈ ಗುಟ್ಟು ಹೊರಬೀಳಲು ದಾರಿಯಾಯಿತು. ಹೊರಗಿನವರ ಪರೀಕ್ಷೆಯ ಬೆಲೆ ಇದು.

ನಮ್ಮ ದೇಶದ ಮಾತೇನು? ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದುದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿಯೇ 14 ಕಾರು ಕಂಪೆನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಹಲವು ಕಂಪೆನಿಗಳು ಮೇಲ್ಮನವಿ ಹೂಡಿದವು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಹೊಗೆ ನಿಯಮ ಜಾರಿಗೆ ಬಂದ ಮೇಲಂತೂ ಹೊಸ ಗಾಡಿಗಳಲ್ಲಿ ಸೆನ್ಸರುಗಳು ಇನ್ನೂ ಹೆಚ್ಚಿವೆ. ಸಾಲ ಮಾಡಿ ಗಾಡಿ ಕೊಂಡವನು ಒಂದು ಸೆನ್ಸರ್ ಕೆಟ್ಟರೆ ಕಂಪೆನಿಯ ಬಾಗಿಲಿಗೇ ಹೋಗಬೇಕು. ಅಲ್ಲಿ ಕೇಳಿದಷ್ಟು ಕೊಡಬೇಕು. ಗಾಡಿ ನಿಂತ ದಿನ ಕೂಲಿಯಿಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಸ್ಕ್ಯಾನರು, ದೋಷದ ಕೋಡುಗಳು, ವೈರಿಂಗ್ ನಕ್ಷೆಗಳು ನ್ಯಾಯವಾದ ಬೆಲೆಗೆ ಎಲ್ಲ ಗ್ಯಾರೇಜುಗಳಿಗೂ ಸಿಗತಕ್ಕದ್ದು. ಗಾಡಿಯ ನೋಂದಣಿ ಊರ್ಜಿತವಾಗಿರುವವರೆಗೂ ಅದರ ಚಿಪ್ಪುಗಳನ್ನೂ ಸಾಫ್ಟ್‌ವೇರ್ ತಿದ್ದುಪಡಿಗಳನ್ನೂ ಕಂಪೆನಿಯು ಒದಗಿಸತಕ್ಕದ್ದು. ಸಾಫ್ಟ್‌ವೇರನ್ನು ಸರ್ಕಾರದ ತಜ್ಞರು ಸ್ವತಂತ್ರವಾಗಿ ಪರೀಕ್ಷಿಸತಕ್ಕದ್ದು. ಊರಿನ ಮೆಕ್ಯಾನಿಕ್ಕುಗಳಿಗೆ ಐ.ಟಿ.ಐ.ಗಳಲ್ಲಿ ಸಂಜೆಯ ತರಬೇತಿ ಏರ್ಪಡಿಸತಕ್ಕದ್ದು.

ಬೆಲೆ ಕೊಟ್ಟವನು ನಾವು, ಕೀಲಿಕೈ ಅವರದು ಎಂಬ ವ್ಯಾಪಾರ ಇನ್ನು ನಡೆಯಕೂಡದು.