ಮನೆಗಳ ಸಾಲಿನಲ್ಲಿ ದರ್ಶಿನಿ ದೊಡ್ಡದಾಗಬಹುದೆ?

ಬೆಂಗಳೂರಿನ ಹಳೆಯ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಏಳುವ ಜಗಳವಿದು. ಚೆನ್ನಾಗಿ ನಡೆಯುತ್ತಿರುವ ದರ್ಶಿನಿ, ಅಂದರೆ ನಿಂತು ತಿನ್ನುವ ಚಿಕ್ಕ ಹೋಟೆಲು, ಪಕ್ಕದ ಮನೆಯನ್ನೂ ಬಾಡಿಗೆಗೆ ಹಿಡಿದು ವಿಸ್ತರಿಸಲು ಹೊರಡುತ್ತದೆ. ಆಚೀಚೆ ಮನೆಯವರು ಬೇಡವೇ ಬೇಡ ಎನ್ನುತ್ತಾರೆ. ಬಿಡಬೇಕೆ, ತಡೆಯಬೇಕೆ?

ಪರ: ಇಕ್ಕಟ್ಟೇ ತೊಂದರೆಯ ಮೂಲ

ದರ್ಶಿನಿ ಮನೆಗಳ ನಡುವೆಯೇ ಬೆಳೆದದ್ದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಅದರ ಲೆಕ್ಕಾಚಾರ ಸರಳವಾಗಿತ್ತು: ಚಿಕ್ಕ ಜಾಗ, ನಿಂತು ತಿನ್ನುವ ಗಿರಾಕಿ, ಕಡಿಮೆ ಬೆಲೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಕಾಫಿಯಂಥ ನಾಲ್ಕಾರು ಪದಾರ್ಥಗಳಲ್ಲೇ ಹೆಸರು ಮಾಡಿದೆ. ಇವುಗಳ ಗಿರಾಕಿಗಳು ಬೇರೆ ಯಾರೋ ಅಲ್ಲ. ಒಂಟಿಯಾಗಿರುವ ಹಿರಿಯರು, ಪಿಜಿ ಹುಡುಗರು, ವಾಕಿಂಗ್ ಮುಗಿಸಿ ಬರುವವರು.

ಈಗ ಬರುತ್ತಿರುವ ದೂರುಗಳನ್ನೇ ನೋಡಿ. ಅಡುಗೆಮನೆ ಕಿರಿದಾದ್ದರಿಂದ ಗ್ರೈಂಡರ್ ಹಿತ್ತಲಿಗೆ ಬಂದಿದೆ. ಚಿಮಣಿಯನ್ನು ಮೇಲಕ್ಕೆ ಏರಿಸಲು ಜಾಗವಿಲ್ಲದೆ ಎಕ್ಸಾಸ್ಟ್ ಪಕ್ಕದ ಕಾಂಪೌಂಡಿನ ಕಡೆ ತಿರುಗಿದೆ. ಗಾಡಿ ನಿಲ್ಲಿಸಲು ತಾವಿಲ್ಲದೆ ಜನ ಮನೆಗಳ ಗೇಟಿಗೆ ಅಡ್ಡ ನಿಲ್ಲಿಸುತ್ತಾರೆ. ಪಕ್ಕದ ಸೈಟು ಸಿಕ್ಕರೆ ಗ್ರೈಂಡರ್ ಗೋಡೆಯೊಳಗೆ ಹೋಗುತ್ತದೆ, ಚಿಮಣಿ ಮಾಳಿಗೆ ದಾಟುತ್ತದೆ, ಮುಂದಿನ ಅಂಗಳದಲ್ಲಿ ಬೈಕುಗಳು ನಿಲ್ಲುತ್ತವೆ. ವಿಸ್ತರಣೆಯನ್ನು ತಡೆದರೆ ಗಿರಾಕಿ ಕಡಿಮೆಯಾಗುವುದಿಲ್ಲ, ಇಕ್ಕಟ್ಟು ಮಾತ್ರ ಉಳಿಯುತ್ತದೆ.

ಮುಖ್ಯರಸ್ತೆಗೆ ಹೋಗಿ ಎನ್ನುವುದು ಸುಲಭ. ಅಲ್ಲಿನ ಬಾಡಿಗೆ ಕಟ್ಟಬಲ್ಲವರು ದೊಡ್ಡ ಸರಪಣಿ ಹೋಟೆಲಿನವರು. ಆ ಬಾಡಿಗೆ ಕಡೆಗೆ ಇಡ್ಲಿಯ ಬೆಲೆಯಲ್ಲೇ ಬಂದು ಕೂರುತ್ತದೆ.

ವಿರೋಧ: ಮೊದಲು ಈಗಿರುವುದನ್ನು ಸರಿಮಾಡಲಿ

ಆಚೀಚೆ ಮನೆಯವರಾದ ನಾವೂ ಆ ಹೋಟೆಲಿನ ಗಿರಾಕಿಗಳೇ. ಅಲ್ಲಿನ ಕಾಫಿಯ ಬಗ್ಗೆ ನಮಗೆ ತಕರಾರಿಲ್ಲ, ಬೆಳಗಿನ ಜಾವದ ಬಗ್ಗೆ ಇದೆ. ಬೆಳಿಗ್ಗೆ ಆರಕ್ಕೆ ತಿಂಡಿ ಸಿಗಬೇಕಾದರೆ ನಾಲ್ಕೂವರೆಗೆ ಒಲೆ ಹತ್ತಬೇಕು. ಎಕ್ಸಾಸ್ಟ್ ಫ್ಯಾನು ಗುಂಯ್ ಎನ್ನಲು ಶುರುವಾಗುತ್ತದೆ, ಹಾಲಿನ ಕ್ರೇಟುಗಳು ದಬದಬ ಇಳಿಯುತ್ತವೆ, ಗ್ಯಾಸ್ ಸಿಲಿಂಡರು ನೆಲಕ್ಕೆ ಉರುಳುತ್ತದೆ. ಆಮೇಲೆ ಒಗ್ಗರಣೆಯ ಒಣಮೆಣಸಿನಕಾಯಿ ಘಾಟು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಕೆಮ್ಮು. ದಮ್ಮಿನ ಕಾಯಿಲೆ ಇರುವ ಮುದುಕರು ಹಿಂದಿನ ರೂಮು ಬಿಟ್ಟು ಹಾಲಿಗೆ ಬಂದು ಮಲಗಬೇಕಾಗಿದೆ.

ಇದು ನಮ್ಮ ಸೂಕ್ಷ್ಮ ಸ್ವಭಾವದ ಪ್ರಶ್ನೆಯಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ರಾತ್ರಿಯೆಂದರೆ 10ರಿಂದ ಬೆಳಗಿನ 6ರವರೆಗೆ. ಹೋಟೆಲಿನ ಅತಿ ಗದ್ದಲದ ಕೆಲಸ ನಡೆಯುವುದು ಕಾನೂನು ಇನ್ನೂ ರಾತ್ರಿ ಎನ್ನುವ ಹೊತ್ತಿನಲ್ಲೇ. ವ್ಯಾಪಾರ ಇಮ್ಮಡಿಯಾದರೆ ಒಲೆ ಇನ್ನೂ ಬೇಗ ಹತ್ತುತ್ತದೆ.

ಚರಂಡಿಯ ವಿಷಯ ಇನ್ನೂ ಗಂಭೀರ. ಅಡ್ಡರಸ್ತೆಯ ಒಳಚರಂಡಿ ಕೊಳವೆ ಮನೆಗಳ ಲೆಕ್ಕಕ್ಕೆ ಹಾಕಿದ್ದು. ಹೋಟೆಲಿನ ಎಣ್ಣೆಜಿಡ್ಡು ಅದರೊಳಗೆ ಗಟ್ಟಿಕಟ್ಟಿದರೆ ಮ್ಯಾನ್‌ಹೋಲ್ ಉಕ್ಕುವುದು ನಮ್ಮ ಗೇಟಿನ ಮುಂದೆ. ಜಿಡ್ಡು ಹಿಡಿಯುವ ತೊಟ್ಟಿ ಕಟ್ಟಿಸಿ ಎಂದರೆ ಜಾಗವಿಲ್ಲ ಎಂಬ ಉತ್ತರ. ಸರಿ, ಹೊಸ ಜಾಗ ಸಿಕ್ಕಿದ ಮೇಲೆ ಅಲ್ಲಿ ಬರುವುದು ತೊಟ್ಟಿಯೋ, ಇನ್ನಷ್ಟು ಟೇಬಲ್ಲುಗಳೋ? ಬಾಡಿಗೆ ಕಟ್ಟಬೇಕಾದವರು ಯಾವುದನ್ನು ಆರಿಸುತ್ತಾರೆಂದು ನಮಗೆ ಗೊತ್ತು. ಪಾರ್ಕಿಂಗಿಗೆಂದು ಬಿಟ್ಟ ಅಂಗಳ ವರ್ಷದೊಳಗೆ ಜ್ಯೂಸ್ ಕೌಂಟರ್ ಆಗುವುದನ್ನು ಈ ಊರಿನಲ್ಲಿ ಯಾರು ನೋಡಿಲ್ಲ?

ಒಂದು ಮನೆ ಹೋಟೆಲಿಗೆ ಹೋದ ಮೇಲೆ ಮುಂದಿನ ಮನೆಯ ಮಾಲೀಕರಿಗೂ ಅಂಗಡಿ ಬಾಡಿಗೆಯ ಆಸೆ ಹುಟ್ಟುತ್ತದೆ. ಸಂಸಾರದವರು ಖಾಲಿ ಮಾಡುತ್ತಾರೆ, ಬೀದಿಯಲ್ಲಿ ರಾತ್ರಿ ದೀಪ ಉರಿಯುವ ಮನೆಗಳೇ ಕಡಿಮೆಯಾಗುತ್ತವೆ.

ಹೋಟೆಲು ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಎಕ್ಸಾಸ್ಟ್ ಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಏರಿಸಲಿ, ಜಿಡ್ಡಿನ ತೊಟ್ಟಿ ಕಟ್ಟಿಸಲಿ, ಆರು ಗಂಟೆಗೆ ಮೊದಲು ಸಾಮಾನು ಇಳಿಸುವುದನ್ನು ನಿಲ್ಲಿಸಲಿ. ಕೊಳವೆ ಏರಿಸಲು ಪಕ್ಕದ ಸೈಟು ಬೇಕಿಲ್ಲ, ಖರ್ಚು ಮಾಡುವ ಮನಸ್ಸು ಬೇಕು. ತೊಟ್ಟಿಗೆ ಎರಡು ಟೇಬಲ್ಲು ತೆಗೆದರೆ ಸಾಕು. ಒಂದು ವರ್ಷ ಇದನ್ನು ನಡೆಸಿ ತೋರಿಸಿದ ಮೇಲೆ ಹೊಸ ನಕ್ಷೆ ಹಿಡಿದು ನಮ್ಮ ಬಳಿ ಬರಲಿ. ಪಾಲಿಕೆಯೂ ಪರವಾನಗಿ ಕೊಡುವ ಮುನ್ನ ಒಬ್ಬ ಅಧಿಕಾರಿಯನ್ನು ಬೆಳಗಿನ ಐದು ಗಂಟೆಗೆ ಇಲ್ಲಿಗೆ ಕಳಿಸಲಿ, ಮಧ್ಯಾಹ್ನ ಹನ್ನೆರಡಕ್ಕಲ್ಲ.