ಚರ್ಚಾಕೂಟದ ಬಾಗಿಲು ಎಷ್ಟು ಅಗಲವಿರಬೇಕು?

ಜೂನ್ ಬಂತೆಂದರೆ ಹೈಸ್ಕೂಲುಗಳಲ್ಲಿ ಸಂಘಗಳ ರಚನೆ ಶುರು. ಬೇರೆ ಸಂಘಗಳಿಗೆ ಹೆಸರು ಬರೆಸಿದರೆ ಮುಗಿಯಿತು. ಚರ್ಚಾಕೂಟದ್ದು ಹಾಗಲ್ಲ. ಅಲ್ಲಿ ಮೊದಲ ದಿನವೇ ಪ್ರಶ್ನೆ ಏಳುತ್ತದೆ: ಚೆನ್ನಾಗಿ ಮಾತಾಡುವ ಹತ್ತು ಮಂದಿಯನ್ನು ಆರಿಸಬೇಕೋ, ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕೋ?

ಆರಿಸಿದ ಹತ್ತು ಮಂದಿಯಲ್ಲಿ ಆರು ಜನ ಎಸ್ಸೆಸ್ಸೆಲ್ಸಿಯವರಾಗಿದ್ದರೆ ದೀಪಾವಳಿ ದಾಟಿದ ಮೇಲೆ ಅವರಿಗೆ ಪರೀಕ್ಷೆಯ ಚಿಂತೆ. ಉಳಿದ ನಾಲ್ವರು ಒಬ್ಬರ ಮುಖ ಒಬ್ಬರು ನೋಡುತ್ತ ಕೂಡುತ್ತಾರೆ, ಕೂಟ ನಿಲ್ಲುತ್ತದೆ. ಎಲ್ಲರನ್ನೂ ಸೇರಿಸಿದರೆ ಲೆಕ್ಕವೇ ಬೇರೆ. ವಾರಕ್ಕೊಂದು 40 ನಿಮಿಷದ ಅವಧಿ, ತಲೆಗೆ 5 ನಿಮಿಷ ಎಂದರೆ 8 ಜನರಿಗೆ ಅವಕಾಶ. ಸದಸ್ಯರು 40 ಇದ್ದರೆ ಒಬ್ಬರ ಸರದಿ ಐದು ವಾರಕ್ಕೊಮ್ಮೆ! ವಾಸ್ತವದಲ್ಲಿ ಅದೂ ಇಲ್ಲ. ಧೈರ್ಯವಿದ್ದ ನಾಲ್ಕೈದು ಮಂದಿಯೇ ಪ್ರತಿ ವಾರ ಎದ್ದು ನಿಲ್ಲುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ.

ಪಟ್ಟಣದಲ್ಲಾದರೆ ಒಂದು ಕಡೆ ಬೇಡವಾದವನಿಗೆ ಇನ್ನೊಂದು ಕಡೆ ಜಾಗ ಸಿಕ್ಕೀತು. ನವಲಗುಂದ, ಕಲಘಟಗಿ ತಾಲೂಕಿನ ಹಳ್ಳಿಗಳಲ್ಲಿ ಶಾಲೆಯ ಕೂಟ ಬಿಟ್ಟರೆ ಮತ್ತೊಂದಿಲ್ಲ. ಎಂಟನೇ ಇಯತ್ತೆಯಲ್ಲಿ 'ನಿನಗೆ ಬರೂದಿಲ್ಲ' ಎನಿಸಿಕೊಂಡು ಕುಳಿತ ಹುಡುಗಿ ಮುಂದೆ ಸಂದರ್ಶನದಲ್ಲಿ, ಗ್ರಾಮಸಭೆಯಲ್ಲಿ ಬಾಯಿ ತೆರೆಯುವುದನ್ನು ಎಲ್ಲಿ ಕಲಿಯಬೇಕು?

ನಮ್ಮ ಆಯ್ಕೆಯ ರೀತಿಯೂ ಅಷ್ಟಕ್ಕಷ್ಟೇ. ಮೂರು ನಿಮಿಷದ ಭಾಷಣ ಮಾಡಿಸುತ್ತೇವೆ. ತಂದೆಯೋ ಮಾಸ್ತರರೋ ಬರೆದುಕೊಟ್ಟದ್ದನ್ನು ಗಿಣಿಯಂತೆ ಒಪ್ಪಿಸಿದವನು ಗೆಲ್ಲುತ್ತಾನೆ. ಎದುರಾಳಿಯ ಮಾತು ಕೇಳಿ ಉತ್ತರ ಕೊಡುವುದು ಚರ್ಚೆ. ಅದರ ಪರೀಕ್ಷೆ ಅಲ್ಲಿ ಆಗುವುದೇ ಇಲ್ಲ. ಇನ್ನು 'ನಾ ಹೇಳೂದೇನಂದ್ರ' ಎಂದು ಆರಂಭಿಸಿದ ಮಗುವಿಗೆ ಅಂಕ ಕಡಿತ! ಧಾರವಾಡದ ಇದೇ ಮಾತಿನಲ್ಲಿ ಬೇಂದ್ರೆಯವರು ಕಾವ್ಯ ಬರೆದರೆಂಬುದನ್ನು ನಿರ್ಣಾಯಕರಿಗೆ ಯಾರು ನೆನಪಿಸಬೇಕೋ!

ಈ ಪ್ರಶ್ನೆ ಹೊಸದೇನಲ್ಲ. 1727ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 21 ವರ್ಷದ ಮುದ್ರಣ ಕೆಲಸಗಾರ ಬೆಂಜಮಿನ್ ಫ್ರಾಂಕ್ಲಿನ್ 'ಜಂಟೊ' ಎಂಬ ಚರ್ಚಾಕೂಟ ಕಟ್ಟಿದ. ಮುದ್ರಕರು, ಮೋಜಣಿದಾರ, ಮೋಚಿ ಕೆಲಸ ಕಲಿತವನು, ಬಡಿಗ ಹೀಗೆ ದುಡಿದು ತಿನ್ನುವವರೇ ಹೆಚ್ಚು. ಶುಕ್ರವಾರ ಸಂಜೆ ಸಭೆ. ಸೇರುವವರಿಗೆ ಅಲ್ಲಿ ಭಾಷಣದ ಪರೀಕ್ಷೆ ಇರಲಿಲ್ಲ. ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಇಲ್ಲಿರುವ ಯಾರ ಮೇಲಾದರೂ ನಿನಗೆ ಅಗೌರವವಿದೆಯೆ, ಅಭಿಪ್ರಾಯ ಬೇರೆ ಎಂಬ ಕಾರಣಕ್ಕೆ ಒಬ್ಬನಿಗೆ ಕೇಡು ಮಾಡಬಹುದೆ ಎಂಬಂಥವು. ಬಿಗಿಯೆಲ್ಲ ಒಳಗೆ ಬಂದ ಮೇಲೆ. ಸರದಿಯಂತೆ ಪ್ರಶ್ನೆ ತರಬೇಕು, ಮೂರು ತಿಂಗಳಿಗೊಮ್ಮೆ ಸ್ವಂತ ಪ್ರಬಂಧ ಓದಬೇಕು. ನಾನು ಹೇಳಿದ್ದೇ ಸರಿ ಎಂದು ಹಟ ಹಿಡಿದವನಿಗೆ ಸಣ್ಣ ದಂಡ! ಸಂಖ್ಯೆ 12ಕ್ಕೆ ಮಿತಿ. ಗೆಳೆಯರನ್ನು ಸೇರಿಸಬೇಕೆಂಬ ಒತ್ತಾಯ ಬಂದಾಗ ಫ್ರಾಂಕ್ಲಿನ್ ಬಾಗಿಲು ಅಗಲ ಮಾಡಲಿಲ್ಲ. ಪ್ರತಿಯೊಬ್ಬ ಸದಸ್ಯನೂ ಇದೇ ನಿಯಮದ ಇನ್ನೊಂದು ಕೂಟ ಕಟ್ಟಲಿ ಎಂದ. ಹನ್ನೆರಡರಲ್ಲಿ ಐದಾರು ಮಾತ್ರ ನಿಂತವು, ನಿಜ. ಆದರೆ ಒಂದಿದ್ದದ್ದು ಆರೇಳಾಯಿತಲ್ಲ.

ಒಳಗಿನ ಬಿಗಿ ಎಂದರೇನೆಂದು ನಮ್ಮ ಕುಂದಗೋಳಕ್ಕೂ ಗೊತ್ತು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಸವಾಯಿ ಗಂಧರ್ವರ ಬಳಿಗೆ ಬರುತ್ತಿದ್ದರು. ಗುರುಗಳು ಒಂದೇ ಪಲುಕನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು.

ಶಾಲೆಯ ಕೂಟದಲ್ಲಿ ಇದನ್ನು ಹೀಗೆ ಅಳವಡಿಸಬಹುದು. ಕೇಳಲು ಯಾರು ಬೇಕಾದರೂ ಬರಲಿ. ಮೊದಲ ಐದು ವಾರದೊಳಗೆ ಒಮ್ಮೆಯಾದರೂ, ಎರಡೇ ನಿಮಿಷವಾದರೂ ಸರಿ, ಮಾತಾಡಿದವರು ಸದಸ್ಯರು. ಎದುರು ಪಕ್ಷದವರು ಹೇಳಿದ್ದನ್ನು ತನ್ನ ಮಾತಿನಲ್ಲಿ ಒಮ್ಮೆ ಹೇಳಿಯೇ ಉತ್ತರ ಕೊಡಬೇಕೆಂಬ ನಿಯಮವಿರಲಿ. ಕಂಠಪಾಠದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಹೇಳದೆ ಮೂರು ವಾರ ತಪ್ಪಿಸಿದವರ ಸರದಿ ಕಾಯುತ್ತಿರುವವರಿಗೆ ಹೋಗಲಿ. ಇಪ್ಪತ್ತು ದಾಟಿದರೆ ಎರಡು ಗುಂಪು; ಹೊಸದರ ಹೊಣೆ ಒಂಬತ್ತನೆಯವರಿಗೆ. ಹತ್ತನೆಯವರು ಹೋದ ಮೇಲೂ ಅದು ಉಳಿಯುತ್ತದೆ.

ವಿಷಯಕ್ಕೇನು ಬರವೆ? ಅಣ್ಣಿಗೇರಿಯ ಎರೆಹೊಲದಲ್ಲಿ ಕಡಲೆಯೋ ಹತ್ತಿಯೋ, ಕಲಘಟಗಿಯಲ್ಲಿ ಭತ್ತವೋ ಗೋವಿನಜೋಳವೋ ಎಂದು ಕೇಳಿ ನೋಡಿ. ಮೂಲೆಯಲ್ಲಿ ಕುಳಿತ ರೈತನ ಮಗನೇ ಮೊದಲು ಏಳುತ್ತಾನೆ.

ಪಾಲಕರಿಗೆ ಒಂದು ಮಾತು. ಮಗು ತಂದ ಬಹುಮಾನ ಕೇಳುವ ಬದಲು ಈ ವಾರ ಎದುರಿನವರು ಏನೆಂದರು ಎಂದು ಕೇಳಿ. ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಮಾಸ್ತರರಿಗೆ ಮೊದಲೇ ತಿಳಿಸಿ. ಕೂಟವನ್ನು ಶಾಲೆ ಬಿಟ್ಟ ಮೇಲೆ ಇಟ್ಟರೆ ದೂರದ ಹಳ್ಳಿಯ ಹೆಣ್ಣುಮಕ್ಕಳು ಬರಲಾರರು. ಶನಿವಾರ ಬೆಳಗಿನ ಅವಧಿಯಲ್ಲೇ ಇಡಿಸಿ.